ಫೋನಿಗೆ ಕಳ್ಳ ಆ್ಯಪ್ ಹೊಕ್ಕರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ವರ್ಷ ಮದುವೆ ಸೀಸನ್ನಿನಲ್ಲಿ ನಮ್ಮ ಚಿಕ್ಕಪ್ಪನ ವಾಟ್ಸ್‌ಆ್ಯಪ್‌ಗೆ ಒಂದು ಲಗ್ನಪತ್ರಿಕೆ ಬಂತು. ಕಳಿಸಿದವರು ಪರಿಚಯದವರೇ. ಒತ್ತಿದರು, ಏನೇನೋ ಕೇಳಿತು, ಎಲ್ಲಕ್ಕೂ ಸರಿ ಎಂದರು, ಪತ್ರಿಕೆ ಮಾತ್ರ ತೆರೆಯಲಿಲ್ಲ. ಅದು ಪತ್ರಿಕೆಯ ಹೆಸರಿನಲ್ಲಿ ಬಂದ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಬೆಳಗಾಗುವಷ್ಟರಲ್ಲಿ ಖಾತೆಯಿಂದ ಮೂರು ಸಲ ಹಣ ಹೋಗಿತ್ತು. ಅದೇ ಪತ್ರಿಕೆ ಅವರ ನಂಬರಿನಿಂದ ಇಡೀ ಬಳಗಕ್ಕೆ ಹಂಚಿಯಾಗಿತ್ತು. ಮನೆಯವರು ಬೈತಾರೆಂದು ಎರಡು ದಿನ ಬಾಯಿ ಬಿಡಲಿಲ್ಲ. ಆ ಎರಡು ದಿನ ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅಲ್ಲಿಂದೀಚೆಗೆ ನೆಂಟರು, ಅಕ್ಕಪಕ್ಕದವರು ಫೋನ್ ಹಿಡಿದು ಬಂದು ಕೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಹೆಚ್ಚಿನದು ಆಂಡ್ರಾಯ್ಡ್ ಫೋನಿನ ಮಾತು. ಕಂಪನಿ ಬದಲಾದಂತೆ ಸೆಟ್ಟಿಂಗ್ಸ್‌ನಲ್ಲಿ ಹೆಸರುಗಳು ಒಂಚೂರು ಆಚೀಚೆ ಇರುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ ಟೈಪ್ ಮಾಡಿ ನೋಡಿ.

ಈಗಷ್ಟೇ ಎಪಿಕೆ ಫೈಲ್ ಒತ್ತಿ ಇನ್‌ಸ್ಟಾಲ್ ಮಾಡಿಬಿಟ್ಟೆ. ಮೊದಲು ಏನು ಮಾಡಲಿ?

ಮೊದಲು ಫ್ಲೈಟ್ ಮೋಡ್ ಹಾಕಿ. ವೈಫೈ ಇನ್ನೂ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಬರೀ ನೆಟ್ ಆಫ್ ಮಾಡಿದರೆ ಸಾಲದು, ಏಕೆಂದರೆ ಇಂಥ ಕೆಲವು ಆ್ಯಪ್‌ಗಳು ನಿಮಗೆ ಬಂದ ಒಟಿಪಿಯನ್ನು ನೆಟ್ ಇಲ್ಲದೆಯೂ ಸಾದಾ ಎಸ್ಎಂಎಸ್ ಮೂಲಕ ಕಳ್ಳನ ನಂಬರಿಗೆ ದಾಟಿಸುತ್ತವೆ.

ಆಮೇಲೆ ಸಿಮ್ ತೆಗೆದು ಮನೆಯಲ್ಲಿರುವ ಬೇರೆ ಫೋನಿಗೆ ಹಾಕಿ. ಹಳೆಯ ಕೀಪ್ಯಾಡ್ ಫೋನ್ ಇದ್ದರೆ ಅದೇ ಒಳ್ಳೆಯದು. ಇನ್ನು ಮುಂದೆ ಬ್ಯಾಂಕಿನ ಮೆಸೇಜುಗಳೆಲ್ಲ ಕಳ್ಳ ಆ್ಯಪ್ ಇಲ್ಲದ ಫೋನಿಗೆ ಬರುತ್ತವೆ. ಅಲ್ಲಿಂದಲೇ ಬ್ಯಾಂಕಿಗೆ ಫೋನ್ ಮಾಡಿ, ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಿ. ದೂರಿನ ನಂಬರ್ ಬರೆದುಕೊಳ್ಳಿ. ಹಣ ಆಗಲೇ ಹೋಗಿದ್ದರೆ ತಡಮಾಡದೆ ಸೈಬರ್ ಮೋಸದ ದೂರು ತೆಗೆದುಕೊಳ್ಳುವ ಸರ್ಕಾರಿ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ನಕಲಿ ಕಸ್ಟಮರ್ ಕೇರ್ ನಂಬರುಗಳನ್ನು ಹಾಕಿಕೊಂಡು ಕಾಯುವವರಿದ್ದಾರೆ. ಎಟಿಎಂ ಕಾರ್ಡಿನ ಹಿಂಬದಿ ಅಥವಾ ಪಾಸ್‌ಬುಕ್ಕಿನಲ್ಲಿರುವ ನಂಬರನ್ನೇ ಬಳಸಿ. ಬ್ಯಾಂಕಿನ ವೆಬ್‌ಸೈಟ್ ನೋಡುವುದಾದರೆ ವಿಳಾಸದ ಕೊನೆಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಇದೆಯೇ ಗಮನಿಸಿ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಈ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು.

ಆ್ಯಪ್ ತೆಗೆದುಹಾಕುವುದು ಇದೆಲ್ಲ ಆದ ಮೇಲಿನ ಕೆಲಸ. ಬಂದವರಲ್ಲಿ ಬಹಳ ಜನ ಗಾಬರಿಯಲ್ಲಿ ಮೊದಲು ಆ್ಯಪ್ ಡಿಲೀಟ್ ಮಾಡಿ, ಮೆಸೇಜನ್ನೂ ಅಳಿಸಿ, ‘ಸದ್ಯ, ಹೋಯ್ತು’ ಎಂದು ಮಲಗಿದವರು. ಅಷ್ಟರಲ್ಲಿ ಕಾರ್ಡಿನ ವಿವರ, ಪಿನ್ ಎಲ್ಲ ಕಳ್ಳನ ಕೈ ಸೇರಿರುತ್ತದೆ. ಅಳಿಸುವ ಮೊದಲು ಆ ಮೆಸೇಜ್, ಆ್ಯಪಿನ ಹೆಸರು, ಕಳಿಸಿದ ನಂಬರ್ ಇವುಗಳ ಫೋಟೋವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ. ದೂರು ಕೊಡುವಾಗ ಬೇಕಾಗುತ್ತದೆ.

ಫೈಲ್ ಡೌನ್‌ಲೋಡ್ ಆಯ್ತು, ಇನ್‌ಸ್ಟಾಲ್ ಒತ್ತಲಿಲ್ಲ. ಆದರೂ ಭಯವೇ?

ಇಲ್ಲ. ಎಪಿಕೆ ಇನ್‌ಸ್ಟಾಲ್ ಆಗುವ ತನಕ ಸುಮ್ಮನೆ ಬಿದ್ದಿರುವ ಫೈಲ್ ಅಷ್ಟೇ. ಫೈಲ್ಸ್ ಆ್ಯಪಿನಲ್ಲಿ ಡೌನ್‌ಲೋಡ್ಸ್ ತೆರೆದು ಅಳಿಸಿ, ವಾಟ್ಸ್‌ಆ್ಯಪ್ ಚಾಟಿನಿಂದಲೂ ತೆಗೆಯಿರಿ. ಮನೆಯ ಮಕ್ಕಳು ಇನ್ನೊಮ್ಮೆ ಒತ್ತದಿರಲಿ.

ಅಷ್ಟಕ್ಕೂ ಈ ಎಪಿಕೆ ಎಂದರೇನು? ಲಗ್ನಪತ್ರಿಕೆಗೂ ಅದಕ್ಕೂ ಏನು ಸಂಬಂಧ?

ಆಂಡ್ರಾಯ್ಡ್ ಆ್ಯಪನ್ನು ಮೂಟೆ ಕಟ್ಟಿದ ಫೈಲಿಗೆ ಎಪಿಕೆ ಎನ್ನುತ್ತಾರೆ. ಪ್ಲೇ ಸ್ಟೋರಿನ ಹಂಗಿಲ್ಲದೆ ಅದನ್ನು ನೇರವಾಗಿ ಫೋನಿಗೆ ಹಾಕಬಹುದು. ಲಗ್ನಪತ್ರಿಕೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ನಿಜವಾದ ಪತ್ರಿಕೆ ಫೋಟೋ, ಪಿಡಿಎಫ್ ಅಥವಾ ವಿಡಿಯೊ ಆಗಿರುತ್ತದೆ, ಒತ್ತಿದರೆ ತೆರೆದುಕೊಳ್ಳುತ್ತದೆ. ‘ಇನ್‌ಸ್ಟಾಲ್ ಮಾಡಲೇ?’ ಎಂದು ಫೋನ್ ಕೇಳಿತು ಎಂದಾದರೆ ಅದು ಪತ್ರಿಕೆಯಲ್ಲ.

ಹೆಸರು ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದ ಕೆಲವೇ ದಿನಗಳಲ್ಲಿ ‘ಟಿಕ್‌ಟಾಕ್ ಪ್ರೊ’ ಎಂಬ ನಕಲಿ ಎಪಿಕೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. 2021ರಲ್ಲಿ ಆದಾಯ ತೆರಿಗೆ ರೀಫಂಡ್ ಕೊಡಿಸುವ ನೆಪದಲ್ಲಿ ‘ಡ್ರಿನಿಕ್’ ಎಂಬ ಕಳ್ಳ ಆ್ಯಪ್ ಬ್ಯಾಂಕ್ ಗ್ರಾಹಕರ ಬೆನ್ನು ಹತ್ತಿತ್ತು. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ ಅದರ ಬಗ್ಗೆ ಎಚ್ಚರಿಕೆ ಹೊರಡಿಸಿತು. 2024ರ ಕೊನೆಗೆ ಲಗ್ನಪತ್ರಿಕೆಯ ಸರದಿ. ಈಗ ಟ್ರಾಫಿಕ್ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ, ಕರೆಂಟ್ ಬಿಲ್ ಹೀಗೆ ಯಾವ ಹೆಸರಲ್ಲಾದರೂ ಬರುತ್ತದೆ. ಪಿಎಂ ಕಿಸಾನ್‌ನ ಅಸಲಿ ಆ್ಯಪ್ ಪ್ಲೇ ಸ್ಟೋರಿನಲ್ಲೇ ಇದೆ. ದಂಡ ಬಿದ್ದಿದೆಯೇ ಎಂದು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು. ಪೊಲೀಸರಾಗಲಿ ಬ್ಯಾಂಕಾಗಲಿ ವಾಟ್ಸ್‌ಆ್ಯಪ್‌ನಲ್ಲಿ ಆ್ಯಪ್ ಕಳಿಸುವುದಿಲ್ಲ.

ಬರೀ ಒಂದು ಆ್ಯಪ್ ಖಾತೆಯನ್ನೇ ಹೇಗೆ ಖಾಲಿ ಮಾಡುತ್ತದೆ?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಫೋನ್ ಹ್ಯಾಕ್ ಆಯ್ತು’ ಎಂದು ನಾವು ಹೇಳುವಾಗ ಯಾರೋ ಮಹಾ ಬುದ್ಧಿವಂತ ದೂರದಿಂದ ಬೀಗ ಒಡೆದ ಚಿತ್ರ ಕಣ್ಣೆದುರು ಬರುತ್ತದೆ. ನಾನು ನೋಡಿದ ಫೋನುಗಳಲ್ಲೆಲ್ಲ ಬೀಗದ ಕೈ ಕೊಟ್ಟದ್ದು ಮಾಲೀಕರ ಹೆಬ್ಬೆರಳೇ. ಆ್ಯಪ್ ಒಂದಾದ ಮೇಲೆ ಒಂದು ಅನುಮತಿ ಕೇಳುತ್ತದೆ, ನಾವು ಅಲೋ, ಅಲೋ ಎಂದು ಒತ್ತುತ್ತ ಹೋಗುತ್ತೇವೆ.

ಎಸ್ಎಂಎಸ್ ಅನುಮತಿ ಸಿಕ್ಕರೆ ಒಟಿಪಿ ಓದುತ್ತದೆ. ನೋಟಿಫಿಕೇಶನ್ ಓದುವ ಅನುಮತಿ ಸಿಕ್ಕರೆ ಪರದೆಯ ಮೇಲೆ ಬರುವ ಪ್ರತಿ ಸೂಚನೆಯೂ ಅದಕ್ಕೆ ಕಾಣುತ್ತದೆ. ಜೊತೆಗೆ ಬ್ಯಾಂಕಿನದ್ದೇ ಎನ್ನಿಸುವ ಒಂದು ಪುಟ ತೆರೆದು ಕಾರ್ಡ್ ನಂಬರ್, ಹುಟ್ಟಿದ ದಿನಾಂಕ, ಪಿನ್ ತುಂಬಿಸಿಕೊಳ್ಳುತ್ತದೆ. ಪಿನ್ ನೀವೇ ಕೊಟ್ಟಿರಿ, ಒಟಿಪಿ ಅದೇ ಕದ್ದಿತು. ಕಳ್ಳನಿಗೆ ಇನ್ನೇನು ಬೇಕು?

ಎಲ್ಲಕ್ಕಿಂತ ಅಪಾಯದ್ದು ಆ್ಯಕ್ಸೆಸಿಬಿಲಿಟಿ ಅನುಮತಿ. ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್‌ನಂಥ ಸೌಲಭ್ಯಗಳಿಗಾಗಿ ಮಾಡಿದ ವ್ಯವಸ್ಥೆ ಅದು. ಅದು ಸಿಕ್ಕ ಆ್ಯಪ್ ಪರದೆಯನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು, ನೀವು ಅದನ್ನು ತೆಗೆಯಲು ಹೋದಾಗ ಹಿಂದಕ್ಕೆ ಬಟನ್ ಒತ್ತಿ ನಿಮ್ಮನ್ನು ಹೊರಗೆ ತಳ್ಳಬಲ್ಲದು. ಕುರುಡರಿಗೆ ಆಸರೆಯಾಗಲೆಂದು ಕಟ್ಟಿದ್ದನ್ನು ಮುದುಕರ ಪಿಂಚಣಿ ದೋಚಲು ಬಳಸುತ್ತಾರಲ್ಲ, ಸಂಕಟವಾಗುತ್ತದೆ.

2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಈಚೆಗೆ, ಹೊರಗಿನಿಂದ ಹಾಕಿದ ಆ್ಯಪ್ ಈ ಅನುಮತಿ ಕೇಳಿದರೆ ಫೋನ್ ಒಮ್ಮೆ ತಡೆಯುತ್ತದೆ. 2023ರ ಅಕ್ಟೋಬರಿನಲ್ಲಿ ಗೂಗಲ್ ಕಂಪನಿ ಹೊಸ ಆ್ಯಪ್‌ಗಳನ್ನು ಹಾಕುವ ಹೊತ್ತಿಗೇ ತಪಾಸಣೆ ಮಾಡುವ ಏರ್ಪಾಟನ್ನು ಪ್ಲೇ ಸ್ಟೋರಿನ ಕಾವಲು ವ್ಯವಸ್ಥೆಯಾದ ಪ್ಲೇ ಪ್ರೊಟೆಕ್ಟ್‌ಗೆ ಸೇರಿಸಿತು. ಅದು ಮೊದಲು ಬಂದದ್ದು ಭಾರತಕ್ಕೆ. ಕಳ್ಳರಿಗೂ ಇದು ಗೊತ್ತು. ಅದಕ್ಕೇ ಲೈನಿನಲ್ಲೇ ಇದ್ದು, ‘ಸರ್, ಆ ಮೂರು ಚುಕ್ಕಿ ಒತ್ತಿ, ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಎಂದು ಹೇಳಿಕೊಡುತ್ತಾರೆ. ಯಾರಾದರೂ ಅದನ್ನು ಆಫ್ ಮಾಡಲು ಹೇಳಿದರೆ ಅಲ್ಲೇ ಫೋನ್ ಇಡಿ.

ಇನ್‌ಸ್ಟಾಲ್ ಆಗಿದ್ದು ನಿಜ, ಆದರೆ ಐಕಾನ್ ಎಲ್ಲೂ ಕಾಣುತ್ತಿಲ್ಲ.

ಐಕಾನ್ ಅಡಗಿಸಿಕೊಳ್ಳುವುದು ಹಳೆಯ ಚಾಳಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ತೆರೆದು ಪೂರ್ತಿ ಪಟ್ಟಿಯನ್ನು ಸಾವಕಾಶವಾಗಿ ನೋಡಿ. ಹೆಸರೇ ಇಲ್ಲದ್ದು, ಖಾಲಿ ಚಿತ್ರದ್ದು, ‘ಸಿಸ್ಟಂ ಅಪ್‌ಡೇಟ್’ ಅಥವಾ ‘ಗೂಗಲ್ ಸರ್ವೀಸ್’ ಎಂದು ದೊಡ್ಡವರ ವೇಷ ಹಾಕಿದ್ದು ಇದ್ದರೆ ಅನುಮಾನಿಸಿ. ಆ್ಯಪಿನ ವಿವರದ ಪುಟದ ಕೆಳಗೆ ಅದು ಎಲ್ಲಿಂದ ಬಂದಿದೆ ಎಂಬುದು ಬಹಳಷ್ಟು ಫೋನುಗಳಲ್ಲಿ ಕಾಣುತ್ತದೆ. ಅಲ್ಲಿ ಪ್ಲೇ ಸ್ಟೋರಿನ ಬದಲು ವಾಟ್ಸ್‌ಆ್ಯಪ್, ಕ್ರೋಮ್ ಅಥವಾ ಪ್ಯಾಕೇಜ್ ಇನ್‌ಸ್ಟಾಲರ್ ಎಂದಿದ್ದರೆ ಸುಳಿವು ಸಿಕ್ಕಿತು. ಆದರೆ ಫೋನಿನ ಜೊತೆಗೇ ಬಂದ ಆ್ಯಪ್‌ಗಳು ಬೇಕಾದಷ್ಟಿರುತ್ತವೆ, ಗೊತ್ತಿಲ್ಲದ ಹೆಸರನ್ನೆಲ್ಲ ತೆಗೆಯಲು ಹೋಗಬೇಡಿ.

ಅನ್‌ಇನ್‌ಸ್ಟಾಲ್ ಬಟನ್ ಒತ್ತಿದರೂ ಹೋಗುತ್ತಿಲ್ಲ.

ಅದು ಡಿವೈಸ್ ಅಡ್ಮಿನ್, ಅಂದರೆ ಫೋನಿನ ಮೇಲೆ ಹಿಡಿತ ಸಾಧಿಸುವ ವಿಶೇಷ ಅಧಿಕಾರ ಪಡೆದು ಕೂತಿರಬೇಕು. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಅಡ್ಮಿನ್ ಆ್ಯಪ್ಸ್ ಹುಡುಕಿ, ಆ ಹೆಸರಿನ ಮುಂದಿನ ಗುರುತು ತೆಗೆಯಿರಿ. ಹಾಗೆಯೇ ಆ್ಯಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆ್ಯಕ್ಸೆಸ್, ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ, ಡೀಫಾಲ್ಟ್ ಎಸ್ಎಂಎಸ್ ಆ್ಯಪ್ ಈ ನಾಲ್ಕು ಕಡೆಯೂ ಅದರ ಹೆಸರಿದೆಯೇ ನೋಡಿ ಕಿತ್ತುಹಾಕಿ. ಆಮೇಲೆ ಅನ್‌ಇನ್‌ಸ್ಟಾಲ್ ಆಗುತ್ತದೆ.

ಸೆಟ್ಟಿಂಗ್ಸ್ ತೆರೆದ ಕೂಡಲೇ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ ಸೇಫ್ ಮೋಡ್ ಬೇಕು. ಬಹಳಷ್ಟು ಫೋನುಗಳಲ್ಲಿ ಪವರ್ ಬಟನ್ ಹಿಡಿದಾಗ ಬರುವ ಪವರ್ ಆಫ್ ಗುರುತನ್ನು ಒತ್ತಿ ಹಿಡಿದರೆ ಸೇಫ್ ಮೋಡ್ ಕೇಳುತ್ತದೆ. ಆ ಸ್ಥಿತಿಯಲ್ಲಿ ನಾವು ಹಾಕಿದ ಆ್ಯಪ್‌ಗಳು ಓಡುವುದಿಲ್ಲ, ಹಾಗಾಗಿ ತೆಗೆಯಲು ತಡೆ ಇರುವುದಿಲ್ಲ. ತೆಗೆದ ಮೇಲೆ ಪ್ಲೇ ಸ್ಟೋರಿನಲ್ಲಿ ನಿಮ್ಮ ಫೋಟೋ ಒತ್ತಿ, ಪ್ಲೇ ಪ್ರೊಟೆಕ್ಟ್‌ಗೆ ಹೋಗಿ ಒಮ್ಮೆ ಸ್ಕ್ಯಾನ್ ಮಾಡಿಸಿ.

ಫೋನ್ ಪೂರ್ತಿ ರೀಸೆಟ್ ಮಾಡಲೇಬೇಕಾ?

ಆ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮುಂದುವರಿಸುವುದಾದರೆ ಮಾಡಿ ಎಂದೇ ನಾನು ಹೇಳುವುದು. ಒಂದು ಆ್ಯಪ್ ಇನ್ನೊಂದನ್ನು ಒಳಗೆ ಕರೆದುಕೊಂಡಿರಬಹುದು, ನಮ್ಮ ಕಣ್ಣಿಗೆ ಬಿದ್ದದ್ದು ಒಂದೇ ಇರಬಹುದು. ಆದರೆ ಹಣ ಹೋಗಿದ್ದರೆ ಮೊದಲು ದೂರು ಕೊಟ್ಟು, ಪೊಲೀಸರನ್ನು ಕೇಳಿ ಆಮೇಲೆ ರೀಸೆಟ್ ಮಾಡಿ; ಫೋನಿನಲ್ಲಿರುವುದೇ ಸಾಕ್ಷಿ.

ಮಾಡುವ ಮುಂಚೆ ಫೋಟೋ, ಕಾಂಟ್ಯಾಕ್ಟ್ ಕಾಪಿ ಮಾಡಿಕೊಳ್ಳಿ. ಗೂಗಲ್ ಖಾತೆಯ ಪಾಸ್‌ವರ್ಡ್ ನೆನಪಿದೆಯೇ ಖಚಿತಪಡಿಸಿಕೊಳ್ಳಿ, ರೀಸೆಟ್ ಆದ ಮೇಲೆ ಹಳೆಯ ಖಾತೆಯನ್ನೇ ಕೇಳಿ ಫೋನ್ ಕೂತುಬಿಡಬಹುದು. ಆ್ಯಪ್‌ಗಳನ್ನು ಹಳೆಯ ಬ್ಯಾಕಪ್‌ನಿಂದ ಒಟ್ಟಿಗೆ ತರಬೇಡಿ, ಬೇಕಾದ್ದನ್ನು ಪ್ಲೇ ಸ್ಟೋರಿನಿಂದ ಒಂದೊಂದಾಗಿ ಹಾಕಿ. ಪಾಸ್‌ವರ್ಡ್, ಯುಪಿಐ ಪಿನ್ ಬದಲಾಯಿಸುವುದನ್ನು ಮಾತ್ರ ಶುದ್ಧವಾದ ಫೋನಿನಲ್ಲೇ ಮಾಡಬೇಕು. ಕಳ್ಳ ಆ್ಯಪ್ ಇರುವಾಗಲೇ ಹೊಸ ಪಿನ್ ಹಾಕಿದರೆ ಅದನ್ನೂ ಕೊಟ್ಟ ಹಾಗೆ.

ಹೋದ ಹಣ ವಾಪಸ್ ಬರುತ್ತದೆಯೇ?

ಬರಬಹುದು, ಬೇಗ ಹೇಳಿದಷ್ಟೂ ಆಸೆ ಹೆಚ್ಚು. 1930ಕ್ಕೆ ಹೇಳಿದಾಗ ಅವರು ಹಣ ಯಾವ ಖಾತೆಗೆ ಹೋಗಿದೆ ಎಂದು ಬೆನ್ನು ಹತ್ತಿ, ಅಲ್ಲಿ ಇನ್ನೂ ಇದ್ದರೆ ತಡೆಹಿಡಿಸುತ್ತಾರೆ. ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ದಾಟಿಸುವುದು ಗಂಟೆಗಳ ಲೆಕ್ಕದಲ್ಲಿ. ನಮ್ಮ ಚಿಕ್ಕಪ್ಪ ಮೂರನೇ ದಿನ ಫೋನ್ ಮಾಡಿದಾಗ ಆ ಖಾತೆಯಲ್ಲಿ ಉಳಿದಿದ್ದು ಪುಡಿಗಾಸು. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ‘ಸೆನ್’ ಠಾಣೆಗಳಿವೆ. ವ್ಯವಹಾರದ ದಿನಾಂಕ, ಮೊತ್ತ, ಬ್ಯಾಂಕ್ ಮೆಸೇಜಿನಲ್ಲಿರುವ ರೆಫರೆನ್ಸ್ ನಂಬರ್ ಬರೆದುಕೊಂಡು ಹೋಗಿ.

ಬ್ಯಾಂಕಿನ ಜವಾಬ್ದಾರಿ ಎಷ್ಟು ಎಂಬುದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಸುತ್ತೋಲೆ ಹೊರಡಿಸಿತ್ತು. ಗ್ರಾಹಕರದ್ದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊರೆ ಇಲ್ಲ. ಗ್ರಾಹಕರು ತಾವೇ ಪಿನ್, ಒಟಿಪಿ ಕೊಟ್ಟಿದ್ದರೆ ತಿಳಿಸುವ ತನಕದ ನಷ್ಟ ಅವರದೇ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಈ ಕೊನೆಯ ಮಾತನ್ನು ಬಹಳ ಜನ ಕೇಳಿಯೇ ಇಲ್ಲ. ತಪ್ಪು ನನ್ನದೇ ಎಂದು ನಾಚಿಕೊಂಡು ಸುಮ್ಮನಿದ್ದರೆ ಮುಂದಿನ ನಷ್ಟವನ್ನೂ ಹೊತ್ತುಕೊಂಡ ಹಾಗೆ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448.

ಇನ್ನೊಂದು ಮಾತು: ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ’ ಎಂದು ಫೋನ್ ಬಂದರೆ ಅದೂ ಮೋಸವೇ.

ನನ್ನ ನಂಬರಿನಿಂದ ಎಲ್ಲರಿಗೂ ಅದೇ ಫೈಲ್ ಹೋಗಿದೆ.

ಬೇರೆ ಫೋನಿನಿಂದ ಊರಿನ, ಮನೆಯವರ, ಆಫೀಸಿನ ಗ್ರೂಪುಗಳಿಗೆ ‘ನನ್ನ ನಂಬರಿನಿಂದ ಬಂದ ಫೈಲ್ ಒತ್ತಬೇಡಿ’ ಎಂದು ಹೇಳಿಸಿ. ಸಂಕೋಚ ಬೇಡ, ನಿಮ್ಮ ಒಂದು ಮೆಸೇಜಿನಿಂದ ಇನ್ನೊಂದು ಮನೆ ಉಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನಿಮ್ಮದಲ್ಲದ್ದನ್ನೆಲ್ಲ ಲಾಗೌಟ್ ಮಾಡಿ. ಖಾತೆಯೇ ಕೈತಪ್ಪಿದ್ದರೆ ಶುದ್ಧ ಫೋನಿನಲ್ಲಿ ಸಿಮ್ ಹಾಕಿ ಮತ್ತೆ ರಿಜಿಸ್ಟರ್ ಮಾಡಿಕೊಳ್ಳಿ, ಟೂ-ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿಡಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಯಾವುದಾದರೂ ಅಪರಿಚಿತ ನಂಬರಿಗೆ ಆನ್ ಆಗಿದೆಯೇ ಎಂದೂ ನೋಡಿ.

ಪ್ಲೇ ಸ್ಟೋರಿನಿಂದ ಹಾಕಿದ್ದರೆ ನಿಶ್ಚಿಂತೆ ಅಲ್ಲವೇ?

ಹೆಚ್ಚುಕಡಿಮೆ, ಪೂರ್ತಿ ಅಲ್ಲ. ಕಾಗದ ಸ್ಕ್ಯಾನ್ ಮಾಡುವ ಕ್ಯಾಮ್‌ಸ್ಕ್ಯಾನರ್ 10 ಕೋಟಿಗೂ ಹೆಚ್ಚು ಡೌನ್‌ಲೋಡ್ ಕಂಡ ಆ್ಯಪ್. 2019ರ ಆಗಸ್ಟಿನಲ್ಲಿ ಅದರೊಳಗಿನ ಜಾಹೀರಾತಿನ ಭಾಗದಲ್ಲಿ ಕೆಟ್ಟ ಕೋಡ್ ಇರುವುದನ್ನು ಕ್ಯಾಸ್ಪರ್ಸ್ಕಿ ಸಂಸ್ಥೆ ಪತ್ತೆ ಮಾಡಿತು. ಗೂಗಲ್ ಅದನ್ನು ತೆಗೆದು, ಸರಿಯಾದ ಮೇಲೆ ಮತ್ತೆ ಬಿಟ್ಟಿತು. 2020ರ ಕೊನೆಯಲ್ಲಿ ಒಂದು ಕೋಟಿಗೂ ಹೆಚ್ಚು ಫೋನುಗಳಲ್ಲಿದ್ದ ‘ಬಾರ್‌ಕೋಡ್ ಸ್ಕ್ಯಾನರ್’ ಆ್ಯಪ್ ಒಂದೇ ಅಪ್‌ಡೇಟಿನಲ್ಲಿ ಕೆಟ್ಟು, ತಾನಾಗಿ ಜಾಹೀರಾತು ಪುಟಗಳನ್ನು ತೆರೆಯತೊಡಗಿತು. ವರ್ಷಗಟ್ಟಲೆ ಸುಮ್ಮನಿದ್ದ ಆ್ಯಪ್ ಅದು.

ಹಾಗಾಗಿ ಮೂರು ತಿಂಗಳಿಂದ ತೆರೆಯದ ಆ್ಯಪ್ ಫೋನಿನಲ್ಲಿ ಯಾಕಿರಬೇಕು? ತೆಗೆಯಿರಿ. ಹೊಸದನ್ನು ಹಾಕುವಾಗ ಮಾಡಿದವರ ಹೆಸರು ನೋಡಿ, ಒಂದು ಸ್ಟಾರ್ ಕೊಟ್ಟವರ ದೂರು ಓದಿ. ಟಾರ್ಚ್ ಆ್ಯಪಿಗೆ ನಿಮ್ಮ ಕಾಂಟ್ಯಾಕ್ಟ್ ಯಾಕೆ? ಕೇಳಿದರೆ ಬೇಡ ಎನ್ನಿ.

ಫೋನ್ ಮುಟ್ಟಿದರೆ ಸಾಕು ಜಾಹೀರಾತು ಬರುತ್ತದೆ, ‘ನಿಮ್ಮ ಫೋನಿನಲ್ಲಿ ವೈರಸ್ ಇದೆ’ ಎನ್ನುತ್ತದೆ.

ಇದರಲ್ಲಿ ಎರಡು ಬಗೆ. ಮೇಲಿಂದ ಇಳಿಯುವ ನೋಟಿಫಿಕೇಶನ್ ಆಗಿದ್ದರೆ ಅದನ್ನು ಒತ್ತಿ ಹಿಡಿಯಿರಿ, ಕ್ರೋಮ್ ಎಂದು ತೋರಿಸಿದರೆ ಯಾವುದೋ ವೆಬ್‌ಸೈಟಿಗೆ ನೀವು ಎಂದೋ ಅಲೋ ಒತ್ತಿದ್ದೀರಿ. ಅಲ್ಲೇ ಆಫ್ ಮಾಡಿ. ಪರದೆಯನ್ನೇ ತುಂಬಿಕೊಳ್ಳುವ ಜಾಹೀರಾತಾದರೆ, ಅದು ಬಂದ ಗಳಿಗೆಯಲ್ಲೇ ಇತ್ತೀಚಿನ ಆ್ಯಪ್‌ಗಳನ್ನು ತೋರಿಸುವ ಬಟನ್ ಒತ್ತಿ. ಯಾವ ಆ್ಯಪಿನ ಗುರುತು ಕಾಣುತ್ತದೋ ಅದೇ ಕಳ್ಳ. ವೈರಸ್ ಇದೆ ಎಂದು ಹೇಳುವ ಆ ಪುಟದಲ್ಲಿ ‘ಕ್ಲೀನ್ ಮಾಡಿ’ ಬಟನ್ ಮಾತ್ರ ಒತ್ತಬೇಡಿ.

ಸಾಲದ ಆ್ಯಪಿನವರು ನನ್ನ ಕಾಂಟ್ಯಾಕ್ಟಿನಲ್ಲಿರುವ ಎಲ್ಲರಿಗೂ ಫೋಟೋ ಕಳಿಸುತ್ತೇವೆಂದು ಹೆದರಿಸುತ್ತಿದ್ದಾರೆ.

ಹೆದರಿ ಇನ್ನೊಂದು ಆ್ಯಪಿನಿಂದ ಸಾಲ ತೆಗೆದು ಇದನ್ನು ತೀರಿಸಲು ಹೋಗಬೇಡಿ, ಆ ಬಾವಿಗೆ ತಳವಿಲ್ಲ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಫೋಟೋ, ಕಾಲ್ ಪಟ್ಟಿಗೆ ಕೈ ಹಾಕಬಾರದು, ಹಣ ನೇರ ಸಾಲ ಪಡೆದವರ ಖಾತೆಗೇ ಬರಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿದೆ. ಗೂಗಲ್ ಕೂಡ 2023ರ ಮೇ 31ರಿಂದ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಕಾಂಟ್ಯಾಕ್ಟ್, ಫೋಟೋಗಳಿಗೆ ಕೈ ಹಾಕುವುದನ್ನು ನಿಷೇಧಿಸಿದೆ. ನಿಮ್ಮ ಕಾಂಟ್ಯಾಕ್ಟ್ ತೆಗೆದುಕೊಂಡ ಆ್ಯಪ್ ಅಲ್ಲಿಗೇ ನಿಯಮ ಮುರಿದಂತೆ. 2025ರ ಜುಲೈನಿಂದ ನಿಯಮದೊಳಗಿನ ಸಂಸ್ಥೆಗಳ ಸಾಲದ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೇ ಇದೆ, ನೋಡಿ.

ಬೆದರಿಕೆಯ ಮೆಸೇಜ್, ಧ್ವನಿ, ನಂಬರ್ ಎಲ್ಲ ಉಳಿಸಿಕೊಂಡು ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮನೆಯವರಿಗೆ, ನಾಲ್ಕು ಆಪ್ತರಿಗೆ ನೀವೇ ಮೊದಲು ವಿಷಯ ಹೇಳಿಬಿಡಿ. ತಿರುಚಿದ ಫೋಟೋ ಬರಬಹುದು ಎಂದು ಅವರಿಗೆ ಗೊತ್ತಿದ್ದರೆ ಆ ಬೆದರಿಕೆಯ ಹಲ್ಲು ಅರ್ಧ ಉದುರುತ್ತದೆ. ಒಬ್ಬರೇ ನುಂಗಿಕೊಂಡು ಕೂರಬೇಡಿ, ದಯವಿಟ್ಟು.

ಕಸ್ಟಮರ್ ಕೇರ್‌ನವರು ಎನಿಡೆಸ್ಕ್ ಹಾಕಿಕೊಳ್ಳಲು ಹೇಳಿದರು.

ಎನಿಡೆಸ್ಕ್ ಕೆಟ್ಟ ಆ್ಯಪ್ ಅಲ್ಲ, ದೂರದಿಂದ ಕಂಪ್ಯೂಟರ್ ಸರಿಮಾಡಲು ಬಳಸುವಂಥದ್ದು. ಆದರೆ ಅದರಲ್ಲಿ ಬರುವ ಸಂಖ್ಯೆಯನ್ನು ಹೇಳಿ ಒಪ್ಪಿಗೆ ಕೊಟ್ಟರೆ ನಿಮ್ಮ ಪರದೆ ಅವರಿಗೆ ಕಾಣುತ್ತದೆ. 2019ರ ಫೆಬ್ರುವರಿಯಲ್ಲೇ ರಿಸರ್ವ್ ಬ್ಯಾಂಕ್ ಈ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹಾಕಿದ್ದರೆ ತೆಗೆಯಿರಿ, ಆ ಹೊತ್ತಿನಲ್ಲಿ ಬ್ಯಾಂಕ್ ಆ್ಯಪ್ ತೆರೆದಿದ್ದರೆ ಪಿನ್ ಬದಲಾಯಿಸಿ.

ಆ್ಯಂಟಿವೈರಸ್ ಬೇಕೇ?

ಪ್ಲೇ ಪ್ರೊಟೆಕ್ಟ್ ಆನ್ ಇದ್ದು, ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತಿದ್ದರೆ ಹೆಚ್ಚಿನವರಿಗೆ ಅಷ್ಟು ಸಾಕು. ಬೇಕೆನ್ನಿಸಿದರೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟಿನಲ್ಲಿ ಉಚಿತ ಸಾಧನಗಳಿವೆ.

ಐಫೋನಿಗೂ ಈ ಕಾಟ ಇದೆಯೇ?

ಎಪಿಕೆ ಅದರಲ್ಲಿ ಓಡುವುದಿಲ್ಲ. ಆದರೆ ಷೇರು ಹೂಡಿಕೆಯ ನಕಲಿ ಆ್ಯಪನ್ನು, ಪರೀಕ್ಷೆಯ ಹಂತದ ಆ್ಯಪ್ ಹಂಚಲು ಆ್ಯಪಲ್ ಕೊಟ್ಟಿರುವ ಟೆಸ್ಟ್‌ಫ್ಲೈಟ್ ಮೂಲಕವೋ ಫೋನಿನ ಸೆಟ್ಟಿಂಗ್ ಬದಲಿಸುವ ಪ್ರೊಫೈಲ್ ಎಂಬ ಫೈಲ್ ಹಾಕಿಸಿಯೋ ತಲುಪಿಸುವವರಿದ್ದಾರೆ. ಸೆಟ್ಟಿಂಗ್ಸ್‌ನ ಜನರಲ್‌ನಲ್ಲಿ ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್ ತೆರೆದು, ಆಫೀಸಿನದ್ದಲ್ಲದ ಪ್ರೊಫೈಲ್ ಇದ್ದರೆ ತೆಗೆಯಿರಿ.

ಮನೆಯಲ್ಲೇ ಯಾರೋ ನನ್ನ ಫೋನಿಗೆ ಕಣ್ಗಾವಲಿನ ಆ್ಯಪ್ ಹಾಕಿದ್ದಾರೆ ಅನ್ನಿಸುತ್ತಿದೆ.

ಇದಕ್ಕೆ ಮೇಲಿನ ಯಾವ ಸಲಹೆಯನ್ನೂ ಆತುರದಲ್ಲಿ ಅನುಸರಿಸಬೇಡಿ. ಆ್ಯಪ್ ತೆಗೆದ ಕ್ಷಣವೇ ಹಾಕಿದವರಿಗೆ ಗೊತ್ತಾಗಬಹುದು, ಅವರು ಕೈಮಾಡುವ ಸ್ವಭಾವದವರಾದರೆ ಅಪಾಯ ನಿಮಗೆ. ನಿಮ್ಮ ಫೋನಿನಲ್ಲಿ ಈ ಬಗ್ಗೆ ಹುಡುಕಲೂಬೇಡಿ. ನಂಬುವ ಗೆಳತಿಯ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿ. ಕೂಡಲೇ ಪೊಲೀಸರು ಬೇಕಾದರೆ 112. ಜಾಗ ಭದ್ರವಾದ ಮೇಲೆ ಹೊಸ ಗೂಗಲ್ ಖಾತೆ, ಹೊಸ ಪಿನ್ ಹಾಕಿಕೊಳ್ಳಬಹುದು.

ಅಪ್ಪ ಅಮ್ಮನ ಫೋನಿನಲ್ಲಿ ಮೊದಲೇ ಏನು ಮಾಡಿಡಲಿ?

ಹಬ್ಬಕ್ಕೆ ಊರಿಗೆ ಹೋದಾಗ ಅರ್ಧ ಗಂಟೆ ಪಕ್ಕದಲ್ಲಿ ಕೂರಿ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲದಕ್ಕೂ ಆಫ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ತಾನಾಗಿ ಡೌನ್‌ಲೋಡ್ ಆಗದಂತೆ ಮಾಡಿ. ಪಿಂಚಣಿ ಬರುವ ಖಾತೆಗೆ ಯುಪಿಐ ಜೋಡಿಸದೆ, ದಿನದ ಖರ್ಚಿಗೆ ಸ್ವಲ್ಪ ಹಣವಿರುವ ಬೇರೆ ಖಾತೆಗೆ ಜೋಡಿಸಿ. ಇದೊಂದನ್ನು ಮಾಡಿದ್ದಿದ್ದರೆ ನಮ್ಮ ಮನೆಯಲ್ಲಿ ನಷ್ಟ ಸಾವಿರಗಳಲ್ಲಿ ಮುಗಿಯುತ್ತಿತ್ತು.

ಮತ್ತೆ, ಯಾವ ಹೊತ್ತಿನಲ್ಲಾದರೂ ನನಗೆ ಫೋನ್ ಮಾಡಿ, ಬೈಯುವುದಿಲ್ಲ ಎಂದು ಹೇಳಿ, ಬೈಯದಿರಿ. ಚಿಕ್ಕಪ್ಪನ ಫೋನ್ ಕವರಿನ ಒಳಗೆ ಈಗ ಒಂದು ಚೀಟಿ ಇದೆ: 1930, ಬ್ಯಾಂಕಿನ ನಂಬರ್, ಅದರ ಕೆಳಗೆ ನನ್ನದು. ಹೋದ ವಾರ ರಾತ್ರಿ ಹತ್ತೂವರೆಗೆ ಫೋನ್ ಬಂತು. ‘ಕರೆಂಟ್ ಬಿಲ್ ಅಂತ ಏನೋ ಬಂದಿದೆ ಕಣೋ, ಒತ್ತಿಲ್ಲ, ನೋಡಿ ಹೇಳು’ ಅಂದರು.